ಗಂಡಿಗೆ ಬಿದ್ದ ಬೀಗ

ಹಿರೇಗುತ್ತಿ
೬-೭-೧೯೮೧

ನಿವೃತ್ತ ಶಿಕ್ಷಕಿ ತಿಮ್ಮಕ್ಕನವರ ಸನ್ನಿಧಾನಕ್ಕೆ,

ಹನ್ನೊಂದು ವರ್ಷದಿಂದ ನಾನು ನಿಮಗೆ ಕಾಗದ ಬರೆದಿಲ್ಲ. ಇನ್ನೂ ಹನ್ನೊಂದು ವರ್ಷ ಬರೆಯದೇ ಇರುವ ಶಕ್ತಿ ನನ್ನಲ್ಲಿತ್ತು. ಆದರೆ ಅಘನಾಶಿನಿಯಲ್ಲಿರುವ ನಿಮ್ಮ ತಂಗಿ ಮಾಸ್ತಮ್ಮನ ಮೊಮ್ಮಗ, ಹದಿನೈದು ವರ್ಷದ ಜಟ್ಟ ಎಂಬ ಮಹಾಪುರುಷ, ನನ್ನ ಈ ವ್ರತ ಮುರಿಸಿದ್ದಾನೆ.

ಉಪ್ಪುನೀರಿನ ಅಂಚಿನ ನಮ್ಮ ಗಜನಿ ಗದ್ದೆಗೂ ಹೊಳೆಗೂ ನಡುವೆ ಮಣ್ಣಿನ ದಂಡೆ, ದಂಡೆಯಲ್ಲಿ ನೀರು ಹಾಯಲು ಒಂದು ಗಂಡಿ, ಗಂಡಿಗೆ ಹಲಗೆ. ಉಬ್ಬರ ಬಂದಾಗ ಹಲಗೆ ಇಳಿಸಿ ಉಪ್ಪುನೀರನ್ನು ಹೊರಗೆ ತಡೆಯುತ್ತೇವೆ. ಇಳಿತವಾದಾಗ ಹಲಗೆ ಎತ್ತಿ ಒಳಗಿನ ಮಳೆನೀರನ್ನು ಹೊಳೆಗೆ ಬಿಡುತ್ತೇವೆ. ಇದು ನಿಮಗೆ ಗೊತ್ತು. ಗೊತ್ತಿದ್ದವರಿಗೂ ವಿವರಿಸುವುದು ನನ್ನ ವೃತ್ತಿಯಾಗಿತ್ತು, ಈಗ ಚಟವಾಗಿದೆ.

ಮೊನ್ನೆ ಅಮಾವಾಸ್ಯೆಯ ಉಬ್ಬರದಲ್ಲಿ ಮಹಾಪುರುಷರು ದೋಣಿಯಲ್ಲಿ ಚಿತ್ತೈಸಿ, ಗಂಡಿಗೆ ಬಲೆ ಕಟ್ಟಿ, ಎರಡು ಹಲಗೆ ಎಳೆದರು. ಸಿಗಡಿ ಬೇಕಿತ್ತಂತೆ. ಸಿಗಡಿ ಬಂತು. ಸಿಗಡಿಯ ಹಿಂದೆ ಇಡೀ ಹೊಳೆ ಬಂತು. ನುಗ್ಗುವ ನೀರಿಗೆ ಎದುರಾಗಿ ಹಲಗೆ ವಾಪಸು ಕೂರುವುದಿಲ್ಲ ಎಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿದ ಕೂಡಲೇ ದೋಣಿ ಹತ್ತಿ ಪರಾರಿಯಾದರು. ಗದ್ದೆಗೆ ದೋಣಿ ಇರಲಿಲ್ಲವಾದ್ದರಿಂದ ಅದು ಅಲ್ಲೇ ಮುಳುಗಿತು. ಕಗ್ಗ ಭತ್ತ ಉಪ್ಪು ತಡೆಯುತ್ತದೆ, ಹೌದು. ಆದರೆ ಮೊಳಕೆಯಲ್ಲಿ ತಡೆಯುವುದಿಲ್ಲ.

ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ನಕಲು ಲಗತ್ತಿಸಿದೆ. ವಯಸ್ಸು ಸಣ್ಣದೆಂದು ಹುಡುಗನನ್ನು ಮನೆಯವರ ಜಾಮೀನಿನ ಮೇಲೆ ಬಿಟ್ಟಿದ್ದಾರೆ. ಅಕ್ಟೋಬರ್ ಹನ್ನೆರಡಕ್ಕೆ ಕಾರವಾರದ ಮಕ್ಕಳ ಕೋರ್ಟಿನಲ್ಲಿ ವಿಚಾರಣೆ. ಅಷ್ಟರೊಳಗೆ ಗಜನಿ ಸಮಿತಿ ರಾಜಿಗೆ ಒಪ್ಪದಿದ್ದರೆ ರಿಮಾಂಡ್ ಹೋಂ. ಸಮಿತಿಯ ಕಾರ್ಯದರ್ಶಿ ಯಾರೆಂಬ ಕುತೂಹಲವಿದ್ದರೆ ಕೆಳಗಿನ ಸಹಿ ನೋಡುವುದು.

ನಿಮ್ಮ ಕ್ಷೇಮವನ್ನು ಸದ್ಯಕ್ಕೆ ವಿಚಾರಿಸದ,
ಕಮಲಾಕರ
(ನಿವೃತ್ತ ಮುಖ್ಯಾಧ್ಯಾಪಕ)

*

ಹೊನ್ನಾವರ
೧೦-೭-೧೯೮೧

ಮುಖ್ಯಾಧ್ಯಾಪಕ ಕಮಲಾಕರ ಮಾಸ್ತರರಿಗೆ,

ದೂರಿನ ನಕಲು ಮುಟ್ಟಿತು. ಹನ್ನೊಂದು ಪುಟ. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟಿನಿಂದ, ಎರಡನೇ ಸಲ ಕೆಂಪು ಶಾಯಿಯಿಂದ.

ಜಟ್ಟನನ್ನು ಇಲ್ಲಿಗೆ ಕರೆಸಿ ಕೇಳಿದೆ. "ಹೌದು ದೊಡ್ಡಜ್ಜಿ, ಎಳ್ದೆ" ಅಂದ. ಎಂತಕ್ಕೆ ಓಡಿದೆ ಅಂದರೆ, "ಮತ್ತೆ ನಿತ್ಕಂಡು ಎಂತ ಮಾಡೂದು, ಹಾಡು ಹೇಳೂದಾ?" ಅಂದ. ಈ ನಾಲಗೆ ನಮ್ಮ ಮನೆತನದ್ದು, ಅಲ್ಲಗಳೆಯಲಾರೆ. ತಪ್ಪೂ ಅವನದೇ, ಅದನ್ನೂ ಅಲ್ಲಗಳೆಯಲಾರೆ.

ಆದರೆ ಮಾಸ್ತರೇ, ಹನ್ನೊಂದು ಪುಟದಲ್ಲಿ "ನಾನು" ಎಂಬ ಶಬ್ದ ನಲವತ್ತಾರು ಸಲ ಬಂದಿದೆ. ಮುಳುಗಿದ ಗದ್ದೆ ಯಾರದ್ದು? ಹಮ್ಮ ಗೌಡನ ಹೆಂಡತಿ ಲಕ್ಕಿ ಬೆನ್ನು ಬಗ್ಗಿಸಿ ಬಿತ್ತಿದ ಗದ್ದೆ. ಅವಳ ಹೆಸರು ಒಂದು ಸಲವೂ ಇಲ್ಲ. ನಿನಗೆ ಎಂತ ಆಗಬೇಕು ಮಾರಾಯ್ತಿ ಅಂತ ಅವಳನ್ನು ಕೇಳಿದಿರಾ? ಕೇಳಿರಲಿಕ್ಕಿಲ್ಲ. ಶಾಲೆಯಲ್ಲೂ ನಿಮ್ಮದು ಇದೇ ಪದ್ಧತಿ. ಪೆಟ್ಟು ತಿಂದವನು ಮೂಲೆಯಲ್ಲಿ ಅಳುತ್ತಿದ್ದ. ನೀವು ಪೆಟ್ಟು ಕೊಟ್ಟವನಿಗೆ ಬೆತ್ತದಲ್ಲಿ ಬಾರಿಸಿ, ಬೆವರು ಒರೆಸಿಕೊಂಡು, ನ್ಯಾಯವಾಯಿತು ಅನ್ನುತ್ತಿದ್ದಿರಿ. ನಾನು ಇಬ್ಬರನ್ನೂ ಎದುರೆದುರು ಕೂರಿಸಿ ಮಾತಾಡಿಸಿದೆ. ಅದಕ್ಕೆ "ಶಿಸ್ತಿಗೆ ಧಕ್ಕೆ" ಎಂದು ಮೇಲಿನವರಿಗೆ ರಿಪೋರ್ಟು ಬರೆದು ನನಗೆ ಹೊನ್ನಾವರದ ಬಸ್ಸು ಹತ್ತಿಸಿದಿರಿ. ಅಂದಹಾಗೆ, ನಿಮ್ಮ ಬೆತ್ತ ಬಚ್ಚಿಡುತ್ತಿದ್ದವಳು ನಾನೇ. ಪೆನ್ಶನ್ ಶುರುವಾಗಿದೆ, ಇನ್ನು ಹೇಳಬಹುದು.

ಭಾನುವಾರ ಜಟ್ಟನನ್ನು ಕರೆದುಕೊಂಡು ಲಕ್ಕಿಯ ಅಂಗಳಕ್ಕೆ ಬರುತ್ತೇನೆ. ನೀವು ಬರಬೇಕೆಂದಿಲ್ಲ. ಅಂದರೆ ಬಂದೇ ಬರುತ್ತೀರಿ ಅಂತ ಗೊತ್ತು.

ಕೆಂಪು ಶಾಯಿ ಇನ್ನೂ ಮುಗಿಯದ,
ತಿಮ್ಮಕ್ಕ

*

ಹಿರೇಗುತ್ತಿ
೧೪-೭-೧೯೮೧

ಶ್ರೀಮತಿ ತಿಮ್ಮಕ್ಕನವರಿಗೆ,

ಭಾನುವಾರ ನಡೆದ ನಾಟಕಕ್ಕೆ ನನ್ನ ಆಕ್ಷೇಪವನ್ನು ಲಿಖಿತವಾಗಿ ದಾಖಲಿಸುತ್ತಿದ್ದೇನೆ. ಅಲ್ಲಿ ಬಾಯಲ್ಲಿ ದಾಖಲಿಸಲು ಯಾರೂ ಬಿಡಲಿಲ್ಲ.

ಆರೋಪಿಯನ್ನು ಚಾಪೆಯ ಮೇಲೆ ಕೂರಿಸಿದ್ದನ್ನು ಪ್ರಪಂಚದ ಯಾವ ಕೋರ್ಟಿನಲ್ಲಿ ನೋಡಿದ್ದೀರಿ? ನನಗೂ ಅದೇ ಚಾಪೆ. ನಡುವೆ ಒಂದು ಮೊಳ ಜಾಗವೂ ಇರಲಿಲ್ಲ. ಲಕ್ಕಿ ಅವನನ್ನು ಬೈಯುತ್ತಾಳೆ, ನಾನು ಸಮಾಧಾನ ಮಾಡುತ್ತೇನೆ ಎಂದು ಲೆಕ್ಕ ಹಾಕಿ ಬಂದಿದ್ದೆ. ಅವಳು ಬೈಯಲೇ ಇಲ್ಲ.

"ನಾ ಬಿತ್ತೂದು ನೀ ನೋಡಿದ್ಯಾ?" ಅಂದಳು.

"ಇಲ್ಲ."

"ಎಷ್ಟ್ ದಿನ ಬಿತ್ತಿದೆ, ಗುತ್ತಿತ್ತಾ?"

"ಗುತ್ತಿಲ್ಲ."

"ನನ್ನ ಗುರ್ತೂ ಇಲ್ಲ. ಗುರ್ತಿಲ್ದವಳ ಗದ್ದೆ ಎಂತಕ್ಕೆ ಮುಳ್ಗಸ್ದೆ ಮಗಾ?"

ನಾನು ಗಂಟಲು ಸರಿಮಾಡಿಕೊಂಡೆ. ಆಗ ಆ ಹೆಂಗಸು ನನಗೆ, ಮೂವತ್ತನಾಲ್ಕು ವರ್ಷ ಸರ್ವೀಸು ಮಾಡಿದವನಿಗೆ, ಹೇಳಿದ್ದು ನಿಮಗೂ ಕೇಳಿಸಿತು: "ಮಾಸ್ತ್ರೆ, ನೀವು ಸ್ವಲ್ಪ ಸುಮ್ನೆ ಕೂತ್ಕಣಿ. ಗದ್ದೆ ನಂದು." ನಿಮ್ಮ ಸೆರಗು ಬಾಯಿಗೆ ಹೋದದ್ದನ್ನೂ ಗಮನಿಸಿದ್ದೇನೆ.

ಕೊನೆಗೆ ಹುಡುಗ ಬಾಯಿಬಿಟ್ಟದ್ದು ಇಷ್ಟು: "ಹಲ್ಗೆ ವಾಪಸ್ ಹಾಕೂಕೆ ನೋಡ್ದೆ. ಆಗ್ಲಿಲ್ಲ. ಹೆದ್ರಿಕೆ ಆತು. ಕೂಗಿದ್ರೆ ಹೊಡೀತ್ರು ಅಂತ ಕೂಗ್ಲಿಲ್ಲ." ಅದಕ್ಕೆ ಲಕ್ಕಿ, "ಕೂಗಿದ್ರೆ ನಾವೆಲ್ಲಾ ಬಂದು ಹಲ್ಗೆ ಹಾಕ್ತಿದ್ವಲ್ಲಾ ಮಾರಾಯಾ" ಎಂದು ಹಣೆ ಚಚ್ಚಿಕೊಂಡಳು. ಹಮ್ಮ ಗೌಡ ಎದ್ದು ಹೋಗಿ ಕೊಟ್ಟಿಗೆಯ ಹತ್ತಿರ ನಿಂತ. ಆ ಮೇಲೆ ಬಂದ ತೀರ್ಪು ಇದು: ಹುಡುಗ ಅವಳ ಜೊತೆ ಗದ್ದೆ ಮತ್ತೆ ಬಿತ್ತಬೇಕು; ಕೊಯ್ಲಿನ ತನಕ ಪ್ರತಿ ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರಕ್ಕೆ ದಂಡೆಯ ಮೇಲೆ ಕೂತು ಅದೇ ಗಂಡಿ ಕಾಯಬೇಕು!

ಪೋಸ್ಟಾಫೀಸಿಗೆ ಕನ್ನ ಹಾಕಿದವನಿಗೆ ಪೋಸ್ಟ್‌ಮಾಸ್ಟರ್ ಕೆಲಸ ಕೊಟ್ಟ ಹಾಗಾಯಿತು. ಲಕ್ಕಿ ಕೇಳಿದಳೆಂದು ತಡೆಯಲಿಲ್ಲ. ಆದರೆ ಕಾರ್ಯದರ್ಶಿಯಾಗಿ ನನ್ನ ಷರತ್ತು ಇದೆ. ಕುಮಟೆಯಿಂದ ಬೀಗ ತಂದಿದ್ದೇನೆ. ಹಲಗೆಗಳಿಗೆ ಅಡ್ಡ ಕಬ್ಬಿಣದ ಪಟ್ಟಿ, ಪಟ್ಟಿಗೆ ಬೀಗ, ಕೀಲಿ ನನ್ನ ಉಡಿದಾರದಲ್ಲಿ. ಎತ್ತುವುದು, ಇಳಿಸುವುದು ನಾನೊಬ್ಬನೇ. ಹುಡುಗ ಹಲಗೆ ಮುಟ್ಟಿದನೋ, ರಾಜಿಯ ಮಾತೇ ಇಲ್ಲ. ಕೋರ್ಟಿಗೂ ಹಾಗೆಂದೇ ತಿಳಿಸುತ್ತೇನೆ.

ಚಾಪೆಯಿಂದ ಎದ್ದಮೇಲೆ ಸೊಂಟ ಹಿಡಿದಿರುವ,
ಕಮಲಾಕರ

*

ಹೊನ್ನಾವರ
೨೩-೭-೧೯೮೧

ಕೀಲಿಧಾರಿ ಮಾಸ್ತರರಿಗೆ,

ನಿಮ್ಮ ಸೊಂಟದ ಬಗ್ಗೆ ನನಗೆ ಹೇಳಲು ಏನೂ ಇಲ್ಲ.

ಬಿತ್ತನೆಯ ಸುದ್ದಿ ಜಟ್ಟನಿಂದಲೇ ಬಂತು. ಮೊಳಕೆ ಬರಿಸಿದ ಬೀಜವನ್ನು ಇವನು ಮೊದಲು ಎಸೆದಾಗ ಎಲ್ಲ ಒಂದೇ ಕಡೆ ರಾಶಿ ಬಿತ್ತಂತೆ. ಲಕ್ಕಿ ಸೊಂಟಕ್ಕೆ ಕೈ ಕೊಟ್ಟು ನಿಂತು, "ನಿಂಗೆ ಬಲೆ ಬೀಸೂಕೆ ಬತ್ತದಲ್ಲ? ಹಾಂಗೇ ಬೀಸು" ಅಂದಳಂತೆ. ಆಮೇಲೆ ಬೀಜ ಚೆನ್ನಾಗಿ ಹರಡಿತಂತೆ. "ಅವ್ಳು ಬೈಯೂದಿಲ್ಲ ದೊಡ್ಡಜ್ಜಿ, ಅದೇ ಕಷ್ಟ" ಎಂದ. ನಿಮ್ಮ ಬೆತ್ತಕ್ಕಿಂತ ಅದು ಜೋರಾಗಿ ತಾಗಿದೆ ಅಂತ ಕಾಣುತ್ತದೆ.

ಇನ್ನು ಬೀಗ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅವು ನಿಮ್ಮ ಊಟ, ನಿದ್ದೆ, ಪಂಚಾಂಗಶ್ರವಣ ನೋಡಿಕೊಂಡು ಬರುವುದಿಲ್ಲ. ಗಂಡಿಗೆ ಬೀಗ ಹಾಕಿದವರನ್ನು ಈ ಹೊಳೆಯಲ್ಲಿ ನಾನು ಕೇಳಿಲ್ಲ. ಲಕ್ಕಿಯ ಕೈಗೂ ಒಂದು ಕೀಲಿ ಕೊಡಿ. ಅವಳು ನಿಮ್ಮಿಂದ ಸಿಗಡಿ ಕದಿಯುವುದಿಲ್ಲ.

ನಿಮಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಹೇಳುವ,
ತಿಮ್ಮಕ್ಕ

*

ಹಿರೇಗುತ್ತಿ
೧೮-೮-೧೯೮೧

ಸಲಹೆಗಾರ್ತಿ ತಿಮ್ಮಕ್ಕನವರಿಗೆ,

ಬೀಗಕ್ಕೆ ಒಂದೇ ಕೀಲಿ. ಎರಡು ಕೀಲಿ ಇದ್ದರೆ ಅದು ಬೀಗವಲ್ಲ, ಮರ್ಯಾದೆಗೆ ನೇತುಹಾಕಿದ ಕಬ್ಬಿಣ.

ಕಾವಲುಗಾರರ ನಡತೆಯ ಬಗ್ಗೆ ವರದಿ: ಹೊತ್ತಿಗೆ ಸರಿಯಾಗಿ ಬರುತ್ತಾನೆ, ಇದು ಸಂಶಯಾಸ್ಪದ. ದಂಡೆಯಲ್ಲಿ ಏಡಿ ಕೊರೆದ ತೂತುಗಳನ್ನು ಹುಡುಕಿ ಹುಡುಕಿ ಜೇಡಿಮಣ್ಣು ತುಂಬುತ್ತಾನೆ. ಇದು ಅವನಿಗೆ ಯಾರೂ ಹೇಳದ ಕೆಲಸ, ಆದ್ದರಿಂದ ಅಧಿಕಪ್ರಸಂಗ. ಮೊನ್ನೆ ಹುಣ್ಣಿಮೆಗೆ ನಾನು ಪಂಚಾಂಗ ನೋಡಿ, ಗಡಿಯಾರ ನೋಡಿ, ಹಲಗೆ ಎತ್ತಲು ಹೋದರೆ, "ಇನ್ನೂ ಇಳೀಲಿಲ್ಲ ಮಾಸ್ತ್ರೆ, ಗಾಳಿ ಪಡುವಣದ್ದು, ನೀರು ತಡ ಮಾಡ್ತು. ಈಗ ಎತ್ತಿದ್ರೆ ನೀವೂ ನನ್ನಾಂಗೇ ಓಡೂದು" ಅಂದ. ನಾನು ಗದರಿದೆ. ಆಮೇಲೆ ಕೊಡೆ ಹಿಡಿದು ಮುಕ್ಕಾಲು ಗಂಟೆ ಅಲ್ಲೇ ನಿಂತೆ. ನೀರು ಇಳಿಯಲು ತಡವಾದದ್ದು ಕಾಕತಾಳೀಯ.

ಲಕ್ಕಿ ಅವನಿಗೆ ಗಂಜಿ ತಂದುಕೊಡುತ್ತಾಳೆ. ನನಗೂ ತಂದಳು. ನಾನು ಮುಟ್ಟಲಿಲ್ಲ ಎಂದು ಬರೆಯುವವನಿದ್ದೆ. ಅವಳು ನಿಮಗೆ ಬೇರೆ ಹೇಳಬಹುದಾದ್ದರಿಂದ, ಅರ್ಧ ಬಟ್ಟಲು ಕುಡಿದೆ.

ಇದರಿಂದ ನಾನು ಕರಗಿದ್ದೇನೆಂದು ಭಾವಿಸಬಾರದು. ರಾಜಿ ಅರ್ಜಿ ಬರೆದಿಲ್ಲ. ಬರೆಯುವ ಕಾಗದವನ್ನೂ ಕೊಂಡಿಲ್ಲ.

ಎಂದಿನಂತೆ ಗಟ್ಟಿಯಾಗಿರುವ,
ಕಮಲಾಕರ

*

ಭಟ್ಕಳ, ಮಗಳ ಮನೆ
೫-೯-೧೯೮೧

ತಿಮ್ಮಕ್ಕ,

ಚೌತಿಗೆಂದು ಮಗಳ ಮನೆಗೆ ಬಂದು ಆರು ದಿನವಾಗಲಿಲ್ಲ, ಊರಿಂದ ಬಂದವರು ಸುದ್ದಿ ಹೇಳಿದರು. ಬೀಗ ಒಡೆದಿದ್ದಾನೆ! ಕಲ್ಲಿನಿಂದ ಜಜ್ಜಿ ಒಡೆದು ಹಲಗೆ ಎತ್ತಿದ್ದಾನೆ!

ನಾನು ಹೇಳಲಿಲ್ಲವೇ? ಚಾಪೆಯ ಮೇಲೆ ಕೂರಿಸಿ, ಗಂಜಿ ಕುಡಿಸಿ, ಮಗಾ ಮಗಾ ಎಂದದ್ದಕ್ಕೆ ಇದು ಫಲ. ಯಜಮಾನ ಬೆನ್ನು ತಿರುಗಿಸುವುದನ್ನೇ ಎರಡು ತಿಂಗಳು ಕಾದು ಕೂತಿದ್ದ. ಚಕ್ಕುಲಿ ಗಂಟಲಲ್ಲಿ ಇಳಿಯದೆ, ಇಲ್ಲಿಂದಲೇ ಕೋರ್ಟಿಗೆ ಪತ್ರ ಬರೆದು ರಿಜಿಸ್ಟರ್ ಮಾಡಿಸಿದ್ದೇನೆ: ಆರೋಪಿ ಷರತ್ತು ಮುರಿದಿದ್ದಾನೆ, ಬೀಗ ಒಡೆದಿದ್ದಾನೆ, ಇವನನ್ನು ಹೊರಗೆ ಬಿಡುವುದು ಊರಿಗೆ ಅಪಾಯ. ಇದು ಒಂದೇ ಪುಟ. ಕೆಂಪು ಶಾಯಿಗೆ ಕೆಲಸವಿಲ್ಲ.

ಕಮಲಾಕರ

*

ಹಿರೇಗುತ್ತಿ, ಲಕ್ಕಿಯ ಮನೆ
೯-೯-೧೯೮೧

ಮಾಸ್ತರೇ,

ನಾನು ಇಲ್ಲಿಗೆ ಬಂದು ನನ್ನ ಕಣ್ಣಲ್ಲಿ ನೋಡಿ ಬರೆಯುತ್ತಿದ್ದೇನೆ. ನೀವು ಭಟ್ಕಳದಲ್ಲಿ ಇನ್ನೊಂದು ವಾರ ಇರುತ್ತೀರಂತೆ. ಒಳ್ಳೆಯದು, ಓದಲು ಪುರಸೊತ್ತು ಸಿಗುತ್ತದೆ.

ಹಲಗೆ ಇಳಿಸಿ, ಬೀಗ ಜಡಿದು, ಕೀಲಿ ಉಡಿದಾರಕ್ಕೆ ಕಟ್ಟಿಕೊಂಡು ನೀವು ಬಸ್ಸು ಹತ್ತಿದಿರಿ. ಯಾರಿಗೂ ಕೊಡಲಿಲ್ಲ. ಚೌತಿಯ ಮಳೆ ಮೂರು ದಿನ ಬಿಡಲಿಲ್ಲ. ಹೊಳೆ ಇಳಿಯಿತು, ಏರಿತು, ಇಳಿಯಿತು. ಗದ್ದೆಯ ನೀರಿಗೆ ಹೋಗಲು ದಾರಿಯಿಲ್ಲ. ಲಕ್ಕಿ ಎರಡನೇ ಸಲ ಬಿತ್ತಿದ ಕಗ್ಗ ತುದಿಯ ತನಕ ಮುಳುಗಿತು. ಇನ್ನೊಂದು ದಿನ ಹಾಗೇ ಇದ್ದಿದ್ದರೆ ಕೊಳೆತೇ ಹೋಗುತ್ತಿತ್ತು. ಈ ಸಲ ಉಪ್ಪುನೀರೂ ಅಲ್ಲ, ಜಟ್ಟನೂ ಅಲ್ಲ.

ಅವನು ಮೊದಲು ನಿಮ್ಮ ಮನೆಗೆ ಓಡಿದ. ಅಲ್ಲೂ ಬೀಗ. ಆಮೇಲೆ ಲಕ್ಕಿಯ ಹತ್ತಿರ ಬಂದು, "ಒಡೀಲಾ?" ಅಂದ. "ಒಡದ್ರೆ ನಿನ್ನ ಹಿಡ್ಕಂಡು ಹೋಗ್ತ್ರು. ನೀ ಬೇಡ, ನಾ ಒಡೀತೆ" ಅಂದಳು. "ನೀ ಒಡದ್ರೂ ನಾ ಒಡದ್ದೇ ಅಂತಾರೆ" ಅಂದ. ಅದು ಸರಿಯೇ, ನಿಮ್ಮ ರಿಜಿಸ್ಟರ್ ಪತ್ರವೇ ಸಾಕ್ಷಿ. ಅವಳು ಕಲ್ಲು ಆರಿಸಿಕೊಟ್ಟಳು. ಬೀಗ ಒಳ್ಳೆಯದೇ ತಂದಿದ್ದಿರಂತೆ, ಸಣ್ಣ ಕಲ್ಲಿಗೆ ಬಗ್ಗಲಿಲ್ಲ.

ನೀರು ಬಿಟ್ಟಮೇಲೆ ಅವನು ಅಲ್ಲಿಂದ ಕದಲಲಿಲ್ಲ. ಇಳಿತ ಮುಗಿದು ನೀರು ನಿಂತ ಗಳಿಗೆಯಲ್ಲಿ, ಉಬ್ಬರ ನೂಕುವುದಕ್ಕೆ ಮೊದಲು, ಒಂದೊಂದಾಗಿ ಹಲಗೆ ಇಳಿಸಿದ. ಒಂದು ತಂಬಿಗೆ ಉಪ್ಪುನೀರು ಒಳಗೆ ಬರಲಿಲ್ಲ. ಹೀಗೆ ನಾಲ್ಕು ಇಳಿತ. ಗದ್ದೆ ಉಳಿದಿದೆ. ಹುಡುಗ ಉಳಿಯುವುದು ಕಷ್ಟ. ನಿಮ್ಮ ಪತ್ರ ಮುಟ್ಟಿತೆಂದು ನಿನ್ನೆ ಪೊಲೀಸರು ಬಂದು ಮಾಸ್ತಮ್ಮನಿಗೆ ಹೇಳಿ ಹೋದರು. ಅವಳು ಊಟ ಬಿಟ್ಟಿದ್ದಾಳೆ.

ಲಕ್ಕಿ ನಿಮ್ಮನ್ನು ಅಂಗಳಕ್ಕೆ ಕರೆದಿದ್ದಾಳೆ. ಇಪ್ಪತ್ತನೇ ತಾರೀಕು, ಭಾನುವಾರ. ಚಾಪೆ ಅದೇ.

ತಿಮ್ಮಕ್ಕ

*

ಹಿರೇಗುತ್ತಿ
೨೧-೯-೧೯೮೧

ತಿಮ್ಮಕ್ಕನವರಿಗೆ,

ನೀವೂ ಅಲ್ಲಿದ್ದಿರಿ. ಆದರೂ ಬರೆಯುತ್ತೇನೆ, ನನ್ನ ಕಡೆಯಿಂದಲೂ ಒಂದು ದಾಖಲೆ ಇರಲಿ.

ನಾಲ್ಕು ಪುಟದ ವಿವರಣೆ ತಯಾರಿಸಿ ತಂದಿದ್ದೆ. ಮೊದಲ ವಾಕ್ಯವೇ ಸೊಗಸಾಗಿತ್ತು. "ಕಾಗ್ದ ಒಳಗಿಡಿ ಮಾಸ್ತ್ರೆ, ಬಾಯಲ್ಲಿ ಹೇಳಿ" ಅಂದಳು. ಮಳೆಯ ಪ್ರಮಾಣ ಅನಿರೀಕ್ಷಿತವಾಗಿತ್ತು ಎಂದು ಶುರುಮಾಡಿದೆ. "ಬೀಗ ಮಳೆ ಹಾಕ್ತಾ?" ಅಂದಳು. ಸಮಿತಿಯ ಹಿತದೃಷ್ಟಿಯಿಂದ ಎಂದೆ. "ಸಮಿತಿ ಹಾಕ್ತಾ?" ಅಂದಳು. ಆ ಹೆಂಗಸು ಶಾಲೆಗೆ ಹೋಗದಿದ್ದದ್ದು ಇಲಾಖೆಯ ಪುಣ್ಯ. ಕೊನೆಗೆ ನನ್ನ ಬಾಯಿಂದ "ನಾನು ಹಾಕಿದೆ" ಎಂಬ ಎರಡು ಶಬ್ದ ಹೊರಟವು.

ಅಷ್ಟಕ್ಕೆ ಬಿಟ್ಟಳೇ? ಹುಡುಗನ ಕಡೆ ತಿರುಗಿ, "ನಿನ್ನ ಮೇಲೆ ಬರದ್ರಲ್ಲ, ನಿಂಗೆ ಎಂತ ಆಗ್ಬೇಕು?" ಎಂದು ಕೇಳಿದಳು. ನಾನೇ ಧಾರಾಳವಾಗಿ, ಅವನ ಜೊತೆ ದಂಡೆಯ ಮೇಲೆ ಕಾವಲು ಕೂರುತ್ತೇನೆ ಎಂದೆ. "ಬ್ಯಾಡ ಬ್ಯಾಡ" ಅಂದ ಆ ಪುಂಡ, "ಮಾಸ್ತ್ರು ಬಂದ್ರೆ ಪಾಠ ಮಾಡ್ತ್ರು." ನೀವು ನಕ್ಕಿರಿ. ಹಮ್ಮ ಗೌಡನೂ ನಕ್ಕ. ಆಮೇಲೆ ಹುಡುಗ ನಗದೆ ಹೇಳಿದ: "ಮಾಸ್ತ್ರು ಕೋರ್ಟಲ್ಲಿ ಹೇಳ್ಬೇಕು. ಬೀಗ ನಾ ಹಾಕಿದ್ದು, ಕೀಲಿ ನಾ ತಕಂಡು ಹೋದದ್ದು ಅಂತ. ಕಾಗ್ದದಲ್ಲಿ ಅಲ್ಲ, ಅವ್ರ ಬಾಯಲ್ಲಿ. ನಾ ಇಲ್ಲಿ ಹೇಳ್ಲಿಲ್ವಾ?"

ಇದು ಆಗದ ಮಾತು. ಸಮಿತಿಯ ರಾಜಿ ಅರ್ಜಿಯನ್ನು ಅಂಚೆಯಲ್ಲಿ ಕಳಿಸುತ್ತೇನೆ, ಬೇಕಾದರೆ ಚಂದದ ಕಾಗದದಲ್ಲಿ. ಭಟ್ಕಳದ ಪತ್ರ ಫೈಲಿನಲ್ಲಿ ಕೂತಿರುವಾಗ ಬರೀ ಅರ್ಜಿ ಸಾಲದು ಎನ್ನುತ್ತೀರಿ. ಇರಬಹುದು. ಆದರೆ ಊರಿಗೆ ಬುದ್ಧಿ ಹೇಳಿದ ಬಾಯಿಂದ, ಕರೀ ಕೋಟಿನವರ ಎದುರು, ಹದಿನೈದು ವರ್ಷದವನು ಹೇಳಿಕೊಟ್ಟ ಪಾಠ ಒಪ್ಪಿಸಲಾರೆ. ನನ್ನಿಂದ ಆಗುವುದಿಲ್ಲ.

ಇದೇ ಕೊನೆಯ ಮಾತು.

ಕಮಲಾಕರ

*

ಹೊನ್ನಾವರ
೨೮-೯-೧೯೮೧
(ಕಾರ್ಡು)

ಮಾಸ್ತರೇ, ರಾಜಿ ಅರ್ಜಿ ಮುಟ್ಟಿದೆ, ಆದರೆ ಬೀಗ ಒಡೆದ ವಿಷಯಕ್ಕೆ ದೂರು ಕೊಟ್ಟವರೇ ಬಂದು ಹೇಳಬೇಕು ಎಂದು ಕೋರ್ಟಿನವರು ಅಂದರಂತೆ. ನೀವು ಬರದಿದ್ದರೆ ಹುಡುಗನನ್ನು ಅಲ್ಲಿಂದಲೇ ಕರೆದೊಯ್ಯುತ್ತಾರೆ. ಅಕ್ಟೋಬರ್ ೧೨, ಬೆಳಿಗ್ಗೆ ಹನ್ನೊಂದು. ತಿಮ್ಮಕ್ಕ.

*

ಹೊನ್ನಾವರ
೬-೧೦-೧೯೮೧
(ಕಾರ್ಡು)

ಉತ್ತರ ಬರಲಿಲ್ಲ. ಬರಲಿ ಅಂತ ಈ ಕಾರ್ಡು ಹಾಕಿದ್ದಲ್ಲ. ಮಾಸ್ತಮ್ಮ ಅವನ ಎರಡು ಅಂಗಿ ಒಗೆದು ಚೀಲಕ್ಕೆ ಹಾಕಿಟ್ಟಿದ್ದಾಳೆ. ತಿ.

*

ಹೊನ್ನಾವರ
೧೩-೧೦-೧೯೮೧

ಕಮಲಾಕರ ಮಾಸ್ತರರಿಗೆ,

ನಿನ್ನೆ ಕೋರ್ಟಿನಿಂದ ಹೊರಗೆ ಬಂದು ನೀವು ನನ್ನ ಜೊತೆ ಒಂದು ಮಾತೂ ಆಡದೆ ಬಸ್ಸು ಹತ್ತಿದಿರಿ. ಆದ್ದರಿಂದ ಈ ಕಾಗದ. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಜಗಳದಲ್ಲೇ ಮುಗಿದಿರುತ್ತಿತ್ತು.

ನೀವು ಬರುವುದಿಲ್ಲ ಎಂದು ನಾನು ಮಾಸ್ತಮ್ಮನಿಗೆ ಖಂಡಿತವಾಗಿ ಹೇಳಿಟ್ಟಿದ್ದೆ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಇಸ್ತ್ರಿಯ ಕೋಟು ತೊಟ್ಟು ಬಂದಿರಿ. ನನಗಾದ ಮುಖಭಂಗಕ್ಕೆ ನಿಮ್ಮನ್ನು ಕ್ಷಮಿಸುವುದಿಲ್ಲ. ಕಿಸೆಯಿಂದ ದಪ್ಪನೆಯ ಕಾಗದದ ಕಟ್ಟು ತೆಗೆದಾಗ, ಮುಗಿಯಿತು, ಸಂಜೆಯ ಬಸ್ಸೂ ಸಿಗುವುದಿಲ್ಲ ಅಂದುಕೊಂಡೆ. ಮ್ಯಾಜಿಸ್ಟ್ರೇಟರು ಹುಡುಗ ಬೀಗ ಒಡೆದದ್ದು ನಿಜವೇ ಎಂದು ಕೇಳಿದರು. ನೀವು ಕಟ್ಟು ಬಿಚ್ಚಿದಿರಿ. ಕನ್ನಡಕ ಹಾಕಿದಿರಿ. ಆಮೇಲೆ ಅದೇನಾಯಿತೋ, ಕನ್ನಡಕ ತೆಗೆದು ಕಟ್ಟನ್ನು ಮಡಚಿದಿರಿ.

"ನಿಜ. ಬೀಗ ಹಾಕಿದ್ದು ನಾನು. ಕೀಲಿ ಕಟ್ಟಿಕೊಂಡು ಚಕ್ಕುಲಿ ತಿನ್ನಲು ಹೋದದ್ದೂ ನಾನು. ಅವನು ಒಡೆಯದಿದ್ದರೆ ಲಕ್ಕಿಯ ಗದ್ದೆ ಹೋಗುತ್ತಿತ್ತು."

ಮ್ಯಾಜಿಸ್ಟ್ರೇಟರು ಲಕ್ಕಿಯನ್ನು ಕೇಳಿದರು, ನಿನಗೆ ಇನ್ನೇನಾದರೂ ಹೇಳುವುದಿದೆಯೇ ಅಂತ. "ಬತ್ತ ಹಣ್ಣಾಗ್ತಾ ಬಂತು ಸ್ವಾಮಿ, ಕೊಯ್ಲಿಗೆ ಇವ ಬೇಕು" ಅಂದಳು. ಹುಡುಗನನ್ನು ಬಿಟ್ಟರು. ಮಾಸ್ತಮ್ಮ ಅಂಗಿಯ ಚೀಲ ಎತ್ತಿಕೊಂಡಳು.

ಹೊರಗೆ ಜಟ್ಟ ನಿಮ್ಮ ಹತ್ತಿರ ಬಂದದ್ದನ್ನು ನೋಡಿದೆ. "ಆತಾ? ಹೇಳಿದೆನಲ್ಲ?" ಎಂದು ನೀವು ಗುರುಗುಟ್ಟಿದಿರಿ. "ಹೇಳಿದ್ರಿ. ಆದ್ರೆ ಸಣ್ಣ ದನಿಲಿ ಹೇಳಿದ್ರಿ ಮಾಸ್ತ್ರೆ, ಹಿಂದೆ ಕೂತವ್ರಿಗೆ ಕೇಳ್ಲಿಲ್ಲ" ಅಂದ. ನಿಮ್ಮ ಮುಖ ಕೆಂಪಾಯಿತು; ಸುತ್ತ ನೋಡಿ, ಸಾಕ್ಷಿಗೆ ಎಂಬಂತೆ ನನ್ನ ಕಡೆ ತಿರುಗಿದಿರಿ. ನಾನು ಗೋಡೆಯ ಮೇಲಿನ ನೋಟೀಸು ಓದುತ್ತಾ ನಿಂತೆ.

ಎಲ್ಲರಿಗಿಂತ ಹಿಂದಿನ ಬೆಂಚಿನಲ್ಲಿ ಕೂತವಳು ನಾನೇ. ನನಗೆ ಒಂದೊಂದು ಅಕ್ಷರವೂ ಕೇಳಿಸಿತು. ಅವನಿಗೆ ಹೇಳಿಲ್ಲ. ನಿಮ್ಮ ಪರವಾಗಿ ಸಾಕ್ಷಿ ಹೇಳುವ ಅಭ್ಯಾಸ ನನಗಿನ್ನೂ ಆಗಿಲ್ಲ.

ತಿಮ್ಮಕ್ಕ